ತುಘಲಕ್‌ನಿಗೆ ಹುಚ್ಚು ಹಿಡಿದಿರಲಿಲ್ಲ

ದಿಲ್ಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕ್ ಸತ್ತು ಆರೂಮುಕ್ಕಾಲು ಶತಮಾನವಾಗುತ್ತ ಬಂತು. ಕನ್ನಡ ಪತ್ರಿಕೆಗಳಲ್ಲಿ ಮಾತ್ರ ಅವನ ದರ್ಬಾರು ಇನ್ನೂ ನಡೆಯುತ್ತಲೇ ಇದೆ. ಮಂತ್ರಿಯೊಬ್ಬರು ಒಂದು ಕಚೇರಿಯನ್ನು ಈ ಊರಿನಿಂದ ಆ ಊರಿಗೆ ಎತ್ತಿ ಹಾಕಿದರೆ 'ತುಘಲಕ್ ದರ್ಬಾರ್'. ಬೆಳಿಗ್ಗೆ ಹೊರಟ ಸುತ್ತೋಲೆ ಸಂಜೆಗೆ ವಾಪಸಾದರೆ 'ತುಘಲಕ್ ನೀತಿ'. ಹೇಮಾವತಿ ಹುಟ್ಟುವ ನಮ್ಮ ಜಾವಳಿಯ ಕಾಫಿ ಗುಡ್ಡಗಳ ನಡುವೆ ಬಸ್ಸಿನ ಸಮಯ ಬದಲಾದರೂ ಸಾಕು, ಹೋಟೆಲಿನ ಬೆಂಚಿನ ಮೇಲೆ ಕೂತವರು ಹೇಳುವುದು ಅದೇ ಮಾತು: "ಇದೇನ್ ಮಾರಾಯ, ತುಘಲಕ್ ಕೆಲ್ಸ." ಹೀಗೆ ಹೇಳುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಜುಮಾ ನಮಾಜು ಮುಗಿಸಿ, ಟೋಪಿ ಮಡಚಿ ಜೇಬಿಗಿಟ್ಟುಕೊಂಡು ಚಹಾಕ್ಕೆ ಬಂದ ನಮ್ಮವರೂ ಇದ್ದಾರೆ.

ಈ ಮಾತಿನ ಮೇಲೆ ನಮಗೆ ತಕರಾರಿದೆ. ಅದು 'ಮುಸ್ಲಿಂ ದೊರೆಗೆ ಅವಮಾನವಾಯಿತು, ಕ್ಷಮೆ ಕೇಳಿ' ಎನ್ನುವ ಮನವಿಪತ್ರದ ತಕರಾರಲ್ಲ. ಸತ್ತ ಸುಲ್ತಾನನ ಮಾನ ಕಾಪಾಡುವ ಗುತ್ತಿಗೆಯನ್ನು ನಮಗೆ ಯಾರೂ ಕೊಟ್ಟಿಲ್ಲ. ನಮ್ಮ ದೂರು ಇಷ್ಟೆ: 'ತುಘಲಕ್' ಎಂದರೆ ಹುಚ್ಚ ಎಂದು ನಾವು ಒಪ್ಪಿಕೊಂಡಿದ್ದೇವೆ. ಆಮೇಲೆ ಆ ಹೆಸರನ್ನು ಇವತ್ತು ಆಳುವವರಿಗೆ ಅಂಟಿಸುತ್ತೇವೆ. ಬೈದೆವು ಎಂದುಕೊಳ್ಳುತ್ತೇವೆ. ನಿಜವಾಗಿ ಅವರಿಗೆ ಮಾಫಿ ಪತ್ರ ಬರೆದು ಕೊಟ್ಟಿರುತ್ತೇವೆ. ಹುಚ್ಚನ ಹತ್ತಿರ ಯಾರು ಲೆಕ್ಕ ಕೇಳುತ್ತಾರೆ?

ಈ ಸುಲಭದ ಒಪ್ಪಂದವನ್ನು ಕನ್ನಡದಲ್ಲಿ ಒಬ್ಬರು ಬಹಳ ಹಿಂದೆಯೇ ಮುರಿದಿದ್ದರು. 1964ರಲ್ಲಿ, ಇನ್ನೂ ಇಪ್ಪತ್ತಾರರ ಹರೆಯದ ಗಿರೀಶ ಕಾರ್ನಾಡರು 'ತುಘಲಕ್' ನಾಟಕ ಬರೆದರು. ಸಿ.ಆರ್. ಸಿಂಹ ಆ ಪಾತ್ರವನ್ನು ಕನ್ನಡಿಗರ ಕಣ್ಣಲ್ಲಿ ನಿಲ್ಲಿಸಿದರು. ಬಿ.ವಿ. ಕಾರಂತರ ಅನುವಾದದಲ್ಲಿ ಉರ್ದು ಮಾತಾಡುತ್ತ ಅದೇ ಸುಲ್ತಾನ ದಿಲ್ಲಿಗೆ ಹೋದ. 1970ರ ದಶಕದಲ್ಲಿ ಇಬ್ರಾಹಿಂ ಅಲ್ಕಾಜಿಯವರು ಅದನ್ನು ದಿಲ್ಲಿಯ ಹಳೆಕೋಟೆಯಲ್ಲೇ ಆಡಿಸಿದರು, ಮನೋಹರ್ ಸಿಂಗ್ ಸುಲ್ತಾನನಾದರು. ಕನ್ನಡದಲ್ಲಿ ಕಲ್ಪಿಸಿದ ದಿಲ್ಲಿಯನ್ನು ದಿಲ್ಲಿಯವರು ತಮ್ಮದೆಂದು ನೋಡಿದರು. ಎರಡೂ ಭಾಷೆಯ ಶಾಲೆಯಲ್ಲಿ ಕೂತು ಬಂದ ನಮಗೆ ಇದಕ್ಕಿಂತ ಹೆಚ್ಚು ಹೆಮ್ಮೆಯ ಸಂಗತಿ ಆಧುನಿಕ ಕನ್ನಡದಲ್ಲಿ ಕಡಿಮೆ.

ಆದರೆ ನಾಟಕದ ಹೆಸರು ಉಳಿಯಿತು, ನಾಟಕ ಉಳಿಯಲಿಲ್ಲ. ಇದರಲ್ಲಿ ಕನ್ನಡಿಗರದ್ದಷ್ಟೇ ಪಾಲಲ್ಲ. ಪಕ್ಕದ ತಮಿಳಿನಲ್ಲಿ ಚೋ ರಾಮಸ್ವಾಮಿಯವರು ತುಘಲಕನನ್ನು ಅಣಕದ ನಾಟಕವಾಗಿಸಿದರು, 1970ರಲ್ಲಿ ಪತ್ರಿಕೆಯ ಹೆಸರಾಗಿಸಿದರು, 1971ರಲ್ಲಿ ಸಿನಿಮಾ ಮಾಡಿದರು. ಇನ್ನೂ ಹಿಂದೆ, 1841ರಲ್ಲಿ ಭಾರತದ ಇತಿಹಾಸ ಬರೆದ ಇಂಗ್ಲಿಷರ ಅಧಿಕಾರಿ ಎಲ್ಫಿನ್‌ಸ್ಟನ್, ಈ ಸುಲ್ತಾನನಿಗೆ ಬುದ್ಧಿಭ್ರಮಣೆ ಇತ್ತೇನೋ ಎಂಬ ಶಂಕೆ ಎತ್ತಿದ್ದ. ಆ ಶಂಕೆ ಮುಂದೆ ಪಾಠವಾಯಿತು, ಪಾಠ ಗಾದೆಯಾಯಿತು.

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಕಾಲೇಜೊಂದರ ವಾರ್ಷಿಕೋತ್ಸವಕ್ಕೆ ಹೋಗಿದ್ದೆವು. 'ತುಘಲಕ್ ದರ್ಬಾರ್' ಎಂಬ ಕಿರುನಾಟಕ ಇತ್ತು. ನಮ್ಮ ಪರಿಚಯದವರ ಹುಡುಗನೇ ಸುಲ್ತಾನ. ಅಂಟಿಸಿದ ಗಡ್ಡ, ಕಣ್ಣಿಗೆ ದಪ್ಪ ಸುರ್ಮಾ, ಕೈಯಲ್ಲಿ ತಸ್ಬೀಹ್. ಪ್ರತಿ ಆಜ್ಞೆಗೂ ಒಮ್ಮೆ ಗಡ್ಡ ನೀವಿಕೊಳ್ಳುತ್ತಿದ್ದ, ಸಭೆ ಬಿದ್ದು ಬಿದ್ದು ನಗುತ್ತಿತ್ತು. ಮುಗಿದ ಮೇಲೆ ಓಡಿ ಬಂದು "ಚಾಚಾ, ಹೆಂಗಿತ್ತು?" ಅಂದ. "ಚೆನ್ನಾಗಿ ಮಾಡಿದೆ ಬೇಟಾ. ಕಡೆಗೆ ನಿನ್ನ ಸುಲ್ತಾನ ಏನಾದ?" ಎಂದೆವು. ಹುಡುಗ ಗಡ್ಡ ಕೀಳುತ್ತಾ ಯೋಚಿಸಿದ. "ಏನೂ ಆಗಲಿಲ್ಲ ಚಾಚಾ. ಪರದೆ ಬಿತ್ತು."

ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ಅವನ ಕೈಗೆ ಎರಡು ಪುಟ ಬರೆದು ಕೊಟ್ಟವರ ಮೇಲೆ ಇದೆ. ಕಾರ್ನಾಡರ ನಾಟಕವಿರುವುದೇ ಆ ಕಡೆಗೆ ಏನಾಯಿತು ಎಂಬುದರಲ್ಲಿ. ಹದಿಮೂರು ದೃಶ್ಯಗಳ ನಾಟಕದಲ್ಲಿ ಜನ ನಗುವ ರಾಜಧಾನಿಯ ಕಥೆ, ತಾಮ್ರದ ನಾಣ್ಯದ ಕಥೆ ಎರಡೂ ದಾರಿ ಮಾತ್ರ. ಆ ದಾರಿ ಹೋಗಿ ಮುಟ್ಟುವುದು ಒಬ್ಬ ಮನುಷ್ಯ ತನ್ನನ್ನು ತಾನೇ ಗುರುತು ಹಿಡಿಯುವ ಜಾಗಕ್ಕೆ.

ಹುಚ್ಚು ಮತ್ತು ಗುರುತು, ಇವೆರಡನ್ನೂ ಜೋಡಿಸಿ ನೋಡುವುದು ರಂಗಭೂಮಿಗೆ ಹೊಸದಲ್ಲ. ಗ್ರೀಕರ ಸೊಫೊಕ್ಲಿಸನ ಅಯಾಸ್ ಎಂಬ ವೀರ, ಸತ್ತ ಅಖಿಲೀಸನ ಆಯುಧಗಳು ತನಗೆ ಸಿಗಲಿಲ್ಲವೆಂಬ ಅವಮಾನದಲ್ಲಿ ಕುದಿಯುತ್ತಾನೆ. ದೇವತೆ ಅವನ ಬುದ್ಧಿ ಕೆಡಿಸುತ್ತಾಳೆ. ರಾತ್ರಿಯೆಲ್ಲ ದನಕುರಿಗಳನ್ನು ಶತ್ರುಗಳೆಂದು ತಿಳಿದು ಕಡಿಯುತ್ತಾನೆ. ಬೆಳಗಾಗುತ್ತದೆ, ಬುದ್ಧಿ ಮರಳುತ್ತದೆ, ಸುತ್ತ ಬಿದ್ದಿರುವುದೇನೆಂದು ಕಾಣುತ್ತದೆ. ದುರಂತ ಇರುವುದು ಕಡಿದುದರಲ್ಲಲ್ಲ, ಬೆಳಗಾದುದರಲ್ಲಿ. ಅಯಾಸ್ ತನ್ನ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಬಿ.ಎಂ. ಶ್ರೀಕಂಠಯ್ಯನವರು ಇದನ್ನೇ ಹಿಡಿದು 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಚಿರಂಜೀವಿಯಾದವನನ್ನು ಸಾಯಿಸಿದ್ದು ಹಲವರಿಗೆ ಒಪ್ಪಿಗೆಯಾಗಲಿಲ್ಲ. ಆದರೆ ಬಿಎಂಶ್ರೀಯವರಿಗೆ ಗೊತ್ತಿತ್ತು, ತಾನು ಏನು ಮಾಡಿದೆನೆಂದು ಪೂರ್ತಿ ಕಂಡವನು ಹಾಗೇ ಬದುಕಿ ಉಳಿಯುವುದು ಸಾವಿಗಿಂತ ಕಷ್ಟ. ಲಂಕೇಶರು ಕನ್ನಡಕ್ಕೆ ತಂದ ದೊರೆ ಈಡಿಪಸ್ ತನ್ನ ಕಣ್ಣನ್ನೇ ಕಿತ್ತುಕೊಳ್ಳುತ್ತಾನೆ. ಕುವೆಂಪು ಅವರು ಹ್ಯಾಮ್ಲೆಟ್‌ನನ್ನು ನಮ್ಮ ಮಲೆನಾಡಿನ ಬಿದನೂರಿಗೆ ಕರೆತಂದು 'ರಕ್ತಾಕ್ಷಿ' ಮಾಡಿದರು. ಷೇಕ್ಸ್‌ಪಿಯರನ ಲಿಯರ್ ಬಿರುಗಾಳಿಯಲ್ಲಿ ಬುದ್ಧಿ ತಪ್ಪಿದ ಮೇಲೆಯೇ ತನ್ನ ರಾಜ್ಯದಲ್ಲಿ ಮೈಮೇಲೆ ಬಟ್ಟೆಯಿಲ್ಲದವರು ಇದ್ದಾರೆಂಬುದನ್ನು ಮೊದಲ ಸಲ ನೆನೆಯುತ್ತಾನೆ.

ಅದಕ್ಕೂ ಹಿಂದೆ ಕನ್ನಡಕ್ಕೆ ತನ್ನದೇ ಆದ ದೊಡ್ಡ ಗುಣವೊಂದು ಇತ್ತು. ಎದುರಾಳಿಗೂ ಒಂದು ಒಳಗು ಇದೆ ಎಂದು ಒಪ್ಪುವ ಗುಣ. ರನ್ನನ ದುರ್ಯೋಧನ ಹೆಣಗಳ ನಡುವೆ ನಡೆದು ಹೋಗುತ್ತ ದ್ರೋಣ, ಕರ್ಣ, ದುಶ್ಶಾಸನರ ಮುಂದೆ ನಿಲ್ಲುವಾಗ ಅವನು ಖಳನಾಗಿ ಉಳಿಯುವುದಿಲ್ಲ. ನಾಗಚಂದ್ರನ ರಾವಣ ಸೀತೆ ಮೂರ್ಛೆ ಹೋದದ್ದನ್ನು ಕಂಡು ತನ್ನ ಬಗ್ಗೆ ತಾನೇ ಹೇಸುತ್ತಾನೆ. ನಮ್ಮ ಗುಡ್ಡಗಳಲ್ಲಿ ಯಕ್ಷಗಾನ ಮೇಳ ಬಂದಾಗ ಗದಾಯುದ್ಧ ಪ್ರಸಂಗಕ್ಕೆ ಬೆಳಗಿನ ಜಾವದವರೆಗೂ ಕಂಬಳಿ ಹೊದ್ದು ಕೂರುವ ಜನ, ಕೌರವನಿಗೆ ಎರಡು ಹನಿ ಕಣ್ಣೀರು ಹಾಕದೆ ಏಳುವುದಿಲ್ಲ. ಈ ಕಣ್ಣೀರಿನ ಪಂಕ್ತಿಗೆ ಕಾರ್ನಾಡರು ಒಬ್ಬ ಸುಲ್ತಾನನನ್ನು ತಂದು ಕೂರಿಸಿದರು. ನಾವು ಅವನಿಗೆ ಎಲೆ ಹಾಕಲಿಲ್ಲ.

ಈ ಸೀಮೆಯವರಿಗೆ ಅವನ ಮೇಲೆ ಹಳೆಯ ಸಿಟ್ಟಿರಲು ಕಾರಣವಿಲ್ಲವೆಂದು ನಾವು ಹೇಳುವುದಿಲ್ಲ. ಜಾವಳಿಯ ತಲೆಯ ಮೇಲೆ ಬಲ್ಲಾಳರಾಯನ ದುರ್ಗವಿದೆ. ಹೊಯ್ಸಳರು ಹುಟ್ಟಿದ ಸೊಸೆವೂರು, ಇವತ್ತಿನ ಅಂಗಡಿ, ನಮ್ಮ ಮೂಡಿಗೆರೆ ತಾಲೂಕಿನದೇ. ಇದೇ ಮಹಮ್ಮದನ ವಿರುದ್ಧ ಸಗರದಲ್ಲಿ ಬಂಡೆದ್ದ ಅವನ ಬಂಧು ಗುರ್ಶಾಸ್ಪ್ ಕಂಪಿಲಿಗೆ ಓಡಿ ಬಂದ. ಕಂಪಿಲಿಯ ದೊರೆ ಅವನನ್ನು ಒಪ್ಪಿಸದೆ ಕಾದಾಡಿ ಸತ್ತ. ಕುಮಾರರಾಮನ ಕಥೆ ಹಾಡುವ ನಾಡಿಗೆ ಇದು ಗೊತ್ತು. ಗುರ್ಶಾಸ್ಪ್ ಅಲ್ಲಿಂದ ದ್ವಾರಸಮುದ್ರಕ್ಕೆ ಬಂದ, ಮೂರನೇ ವೀರಬಲ್ಲಾಳ ಅವನನ್ನು ಹಿಡಿದು ಒಪ್ಪಿಸಿದ. 1320ರ ದಶಕದ ಆ ಕೊನೆಯ ವರ್ಷಗಳಲ್ಲಿ ದಿಲ್ಲಿಯ ಸೈನ್ಯದ ಕಾಲಡಿಯಲ್ಲಿ ಈ ನಾಡು ನಲುಗಿದ್ದು ನಿಜ. ಅದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಆದರೆ ಗಮನಿಸಿ: ಕಂಪಿಲಿಯನ್ನು ಅಳಿಸಿದವನು ಹುಚ್ಚನಾಗಿ ಅಳಿಸಲಿಲ್ಲ. ಯೋಚಿಸಿ, ನಕ್ಷೆ ನೋಡಿ, ಲೆಕ್ಕ ಹಾಕಿ ಅಳಿಸಿದ. ಅವನನ್ನು ಹುಚ್ಚನೆಂದರೆ ಕಂಪಿಲಿಯವರ ಸಾವಿಗೂ ಅರ್ಥ ಉಳಿಯುವುದಿಲ್ಲ.

ಇನ್ನು ನಾಟಕದ ಒಳಗೆ ಹೋಗೋಣ. ಮೊದಲ ದೃಶ್ಯದಲ್ಲಿ ಒಬ್ಬ ಬಡ ಬ್ರಾಹ್ಮಣ ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುತ್ತಾನೆ. ಸುಲ್ತಾನ ತೀರ್ಪಿಗೆ ತಲೆಬಾಗುತ್ತಾನೆ. ಇಂಥದೊಂದು ಪ್ರಸಂಗವನ್ನು ಮೊರಾಕೊದಿಂದ ಬಂದ ಇಬ್ನ್ ಬತೂತ ತನ್ನ ಪ್ರವಾಸದ ಕಥನದಲ್ಲಿ ಹೇಳಿದ್ದಾನೆ. ಒಬ್ಬ ಹಿಂದೂ ದೂರು ಕೊಟ್ಟನೆಂದು ಈ ಸುಲ್ತಾನ ಆಯುಧವಿಲ್ಲದೆ ಕಾಲ್ನಡಿಗೆಯಲ್ಲಿ ಖಾಜಿಯ ಮುಂದೆ ಹೋಗಿ ನಿಂತನಂತೆ. ಕಾರ್ನಾಡರು ಅದಕ್ಕೆ ಒಂದು ತಿರುವು ಕೊಟ್ಟರು. ಆ ಬ್ರಾಹ್ಮಣ ಬ್ರಾಹ್ಮಣನೇ ಅಲ್ಲ. ಅಜೀಜ್ ಎಂಬ ಅಗಸ. ಸುಲ್ತಾನನ ನ್ಯಾಯಪ್ರೀತಿಯನ್ನು ಅವನು ಕೂಲಿಗೆ ಹಚ್ಚಿಕೊಂಡಿದ್ದಾನೆ. ಸುಲ್ತಾನ ಕಾಣುವ ಪ್ರತಿ ಕನಸಿನ ಹಿಂದೆಯೂ ಈ ಅಗಸ ಒಂದೊಂದು ವೇಷದಲ್ಲಿ ಬರುತ್ತಾನೆ. ದೌಲತಾಬಾದಿನ ದಾರಿಯಲ್ಲಿ ಅಧಿಕಾರಿಯಾಗಿ, ಕಾಯಿಲೆಯ ಮಗುವನ್ನು ಎತ್ತಿಕೊಂಡ ತಾಯಿಯ ಹತ್ತಿರ ಲಂಚ ಕೇಳುತ್ತಾನೆ. ನಾಣ್ಯ ಬಂದಾಗ ಖೋಟಾ ನಾಣ್ಯ ಹೊಡೆಯುತ್ತಾನೆ. ಕಡೆಗೆ ಖಲೀಫರ ವಂಶದವನನ್ನು ಕೊಂದು, ಅವನ ಬಟ್ಟೆ ತೊಟ್ಟು, ಸುಲ್ತಾನನ ಅರಮನೆಗೇ ಪವಿತ್ರ ಅತಿಥಿಯಾಗಿ ಬರುತ್ತಾನೆ.

ಹತ್ತನೆಯ ದೃಶ್ಯದ ಗುಲಾಬಿ ತೋಟವನ್ನು ಮರೆಯಲಾಗದು. ಹಳೆಯ ತಲೆಮಾರಿನ ಉರ್ದು ಮನೆಗಳಲ್ಲಿ ಸಾದಿಯ 'ಗುಲಿಸ್ತಾನ್' ಕಪಾಟಿನಲ್ಲಿ ಒಂದಾದರೂ ಪ್ರತಿ ಇರುತ್ತಿತ್ತು. ಆ ಹೆಸರಿನ ಅರ್ಥವೇ ಗುಲಾಬಿ ತೋಟ. ನಾಟಕದ ಸುಲ್ತಾನ ಸಾದಿಯ ಕಾವ್ಯವನ್ನು ಮಣ್ಣಿನಲ್ಲಿ ಬೆಳೆಸಲು ಹೊರಟು ತೋಟ ಹಾಕಿದ್ದ. ಈಗ ಜನ ತಂದು ಸುರಿದ ಖೋಟಾ ನಾಣ್ಯಗಳ ಗಾಡಿಗಳು ಆ ತೋಟದೊಳಕ್ಕೆ ಬಂದು ಬರಿದಾಗುತ್ತಿವೆ. ಚರಿತ್ರೆಯಲ್ಲೂ ಹೀಗೆಯೇ ಆಯಿತು. 1330ರ ಸುಮಾರಿಗೆ ಬಂದ ಆ ನಾಣ್ಯಗಳನ್ನು ಮನೆಮನೆಯಲ್ಲೂ ಹೊಡೆದರು. ಸುಲ್ತಾನ ಯೋಜನೆ ಬಿಟ್ಟು, ತಂದವರಿಗೆಲ್ಲ ಖಜಾನೆಯಿಂದ ಬೆಳ್ಳಿ ಬಂಗಾರ ಕೊಟ್ಟ. ತಾಮ್ರದ ರಾಶಿಗಳು ತುಘಲಕಾಬಾದಿನಲ್ಲಿ ಗುಡ್ಡೆಯಾಗಿ ಬಿದ್ದಿದ್ದವು ಎಂದು ಅವನ ಕಾಲದ ಇತಿಹಾಸಕಾರ ಜಿಯಾವುದ್ದೀನ್ ಬರನಿ ಬರೆದಿದ್ದಾನೆ. ಆ ಯೋಚನೆಯೂ ಹುಚ್ಚಿನದಲ್ಲ. ಚೀನಾದಲ್ಲಿ ಕುಬ್ಲಾಯಿ ಖಾನ ಕಾಗದದ ಹಣವನ್ನೇ ಚಲಾವಣೆಗೆ ತಂದಿದ್ದ. ಇವತ್ತು ನಮ್ಮ ಜೇಬಿನಲ್ಲಿರುವ ನೋಟೂ ಅದೇ ಜಾತಿಯದು. ಟಂಕಸಾಲೆಯನ್ನು ಕಾಯಲಿಲ್ಲ, ಅಷ್ಟೆ ಅವನ ಸೋಲು.

ಆ ತೋಟದ ನಡುವೆ ಮಲತಾಯಿ ತಾನೇ ಮಂತ್ರಿ ನಜೀಬನನ್ನು ಕೊಲ್ಲಿಸಿದೆ ಎಂದು ಒಪ್ಪಿಕೊಳ್ಳುತ್ತಾಳೆ. ತಂದೆಯನ್ನೂ ತಮ್ಮನನ್ನೂ ಕೊಲ್ಲುವುದಕ್ಕಿಂತ ಅದು ಸುಲಭವಾಗಿತ್ತು ಎಂದು ಅವನಿಗೇ ತಿರುಗಿಸಿ ಹೇಳುತ್ತಾಳೆ. ಅವನು ಅಲ್ಲಗಳೆಯುವುದಿಲ್ಲ. ಕೊಂದದ್ದು ಹೌದು, ಒಂದು ಆದರ್ಶಕ್ಕಾಗಿ ಎನ್ನುತ್ತಾನೆ. ಅವಳಿಗೆ ಕಲ್ಲೆಸೆದು ಕೊಲ್ಲುವ ಶಿಕ್ಷೆ ವಿಧಿಸುತ್ತಾನೆ. ಆಮೇಲೆ ಒಬ್ಬನೇ ಮೊಣಕಾಲೂರಿ ದೇವರನ್ನು ಕರೆಯುತ್ತಾನೆ. ನಿನ್ನನ್ನು ಹುಡುಕುತ್ತಾ ಹೊರಟವನು ಈ ನೆತ್ತರ ಕೆಸರಿಗೆ ಹೇಗೆ ಬಂದೆ ಎಂದು ಕೇಳುತ್ತಾನೆ. ಇದು ಹುಚ್ಚನ ಮಾತಲ್ಲ. ಹುಚ್ಚನಿಗೆ ಕೆಸರು ಕಾಣುವುದಿಲ್ಲ.

ಹದಿಮೂರನೆಯ ದೃಶ್ಯದಲ್ಲಿ ವೇಷ ಬಯಲಾದ ಅಜೀಜ್ ಎದುರಿಗೆ ನಿಲ್ಲುತ್ತಾನೆ. ಅವನು ಹೆದರುವುದಿಲ್ಲ. ನಿಮ್ಮ ಪ್ರತಿ ಮಾತನ್ನೂ, ಪ್ರತಿ ಕಾಯಿದೆಯನ್ನೂ ಮನಸ್ಸಿಟ್ಟು ಕೇಳಿದವನು, ಪಾಲಿಸಿದವನು ನಾನೊಬ್ಬನೇ, ನಾನೇ ನಿಮ್ಮ ನಿಜವಾದ ಶಿಷ್ಯ ಎಂಬ ಧಾಟಿಯಲ್ಲಿ ವಾದಿಸುತ್ತಾನೆ. ಬರನಿ ಕಂಗಾಲಾಗುತ್ತಾನೆ. ಸುಲ್ತಾನ ಕೇಳುತ್ತಾ ಕೇಳುತ್ತಾ ತನ್ನ ಮುಖವನ್ನು ಅಗಸನ ಮುಖದಲ್ಲಿ ನೋಡುತ್ತಾನೆ. ಅವನನ್ನು ಗಲ್ಲಿಗೇರಿಸಲು ಆಗುವುದಿಲ್ಲ. ದಖ್ಖನದಲ್ಲಿ ಅಧಿಕಾರಿ ಮಾಡಿ ಕಳಿಸುತ್ತಾನೆ! ಅರಿಸ್ಟಾಟಲ್ ಹೇಳಿದ ಗುರುತು ಹಿಡಿಯುವ ಗಳಿಗೆ ಇದೇ. ಆದರೆ ಗ್ರೀಕ್ ದೊರೆ ತನ್ನನ್ನು ಕಂಡದ್ದು ವಂಶದ ರಹಸ್ಯದಲ್ಲಿ, ನಮ್ಮ ಸುಲ್ತಾನ ಕಂಡದ್ದು ತನ್ನ ಆಡಳಿತದ ಖೋಟಾ ಪ್ರತಿಯಲ್ಲಿ.

ಕಂಡ ಮೇಲೆ ಏನು ಮಾಡಿದ? ಅಯಾಸ್‌ನ ಹಾಗೆ ಸಾಯಲಿಲ್ಲ. ಈಡಿಪಸ್‌ನ ಹಾಗೆ ಕಣ್ಣು ಕಿತ್ತುಕೊಂಡು ಊರು ಬಿಡಲಿಲ್ಲ. ತನ್ನ ಹುಚ್ಚಿಗೆ ಈಗ ದೇವರೇ ಜೊತೆಗಾರ ಎಂದು ಬರನಿಗೆ ಹೇಳಿದ. ವರ್ಷಗಳಿಂದ ದೂರವಾಗಿದ್ದ ನಿದ್ದೆ ಬರುತ್ತಿದೆ ಎಂದ. ಸಿಂಹಾಸನದಲ್ಲೇ ಕಣ್ಣು ಮುಚ್ಚಿದ.

ಈ ಕಡೆಯ ಗಳಿಗೆಯನ್ನು ನಮ್ಮ ವಿಮರ್ಶಕರು ಸ್ವಾತಂತ್ರ್ಯಾನಂತರದ ಭ್ರಮನಿರಸನ ಎಂದು ಓದಿದ್ದಾರೆ. ಯು.ಆರ್. ಅನಂತಮೂರ್ತಿಯವರು ಇಂಗ್ಲಿಷ್ ಆವೃತ್ತಿಯ ಮುನ್ನುಡಿಯಲ್ಲಿ ನೆಹರೂ ಯುಗದ ನಂತರದ ಮನಸ್ಥಿತಿಯ ಜೊತೆ ಇದನ್ನು ಇಟ್ಟು ನೋಡಿದರು. ಸರಿಯಾದ ಓದೇ. ನಮಗೆ ಮಾತ್ರ ಅಲ್ಲಿ ಇನ್ನೊಂದು ಕೇಳಿಸುತ್ತದೆ. ಮದ್ರಸಾದ ಚಾಪೆಯ ಮೇಲೆ ಕೂತು ಕಲಿತ ಯಾರಿಗೂ ಗೊತ್ತಿರುವ ಒಂದು ಪ್ರವಾದಿವಚನದ ತಾತ್ಪರ್ಯ ಹೀಗಿದೆ: ಮೂವರ ಕರ್ಮಗಳನ್ನು ಬರೆಯುವ ಲೇಖನಿಯನ್ನು ಮೇಲೆತ್ತಲಾಗಿದೆ, ಎಚ್ಚರವಾಗುವ ತನಕ ನಿದ್ದೆ ಹೋದವನದು, ಪ್ರಾಯ ತುಂಬುವ ತನಕ ಮಗುವಿನದು, ಬುದ್ಧಿ ಮರಳುವ ತನಕ ಬುದ್ಧಿ ತಪ್ಪಿದವನದು. ನಾಟಕದ ಕೊನೆಯಲ್ಲಿ ಸುಲ್ತಾನ ಮೊದಲು ಹುಚ್ಚಿನ ಆಸರೆ ಬೇಡುತ್ತಾನೆ, ಆಮೇಲೆ ನಿದ್ದೆಯ ಆಸರೆ. ಲೇಖನಿ ಎತ್ತಿಸಿಕೊಳ್ಳಲು ಇರುವ ಮೂರು ದಾರಿಗಳಲ್ಲಿ ಎರಡನ್ನು ಒಂದೇ ಗಳಿಗೆಯಲ್ಲಿ ತಟ್ಟುತ್ತಾನೆ. ಅಷ್ಟರಲ್ಲಿ ಅಜಾನ್ ಕೇಳಿಸುತ್ತದೆ. ಅವನು ಎಚ್ಚರಗೊಳ್ಳುತ್ತಾನೆ. ಎಲ್ಲಿದ್ದೇನೆಂದು ತಿಳಿಯದವನಂತೆ ಸುತ್ತ ನೋಡುತ್ತಾನೆ. ಪರದೆ ಬೀಳುವುದು ಅಲ್ಲಿ. ಕಾರ್ನಾಡರು ಆ ವಚನವನ್ನು ಮನಸ್ಸಿನಲ್ಲಿಟ್ಟೇ ಬರೆದರೆಂದು ನಾವು ವಾದಿಸುವುದಿಲ್ಲ. ಆದರೆ ಅಜಾನಿನ ಜೊತೆಗೆ ಲೇಖನಿ ಮತ್ತೆ ಕೆಳಗಿಳಿಯುತ್ತದೆ ಎಂದು ಒಬ್ಬ ಮುಸ್ಲಿಂ ಓದುಗನಿಗೆ ಅನಿಸದಿದ್ದರೆ ಅವನು ಆ ಪುಟವನ್ನು ಓದಿಲ್ಲ.

ಇಲ್ಲಿ ನಮ್ಮವರ ಜೊತೆಗೂ ಜಗಳವಿದೆ. ಕಾರ್ನಾಡರು ಮುಸ್ಲಿಂ ದೊರೆಯನ್ನು ತಂದೆಯನ್ನು ಕೊಂದವನೆಂದು, ನಮಾಜಿನ ಹೊತ್ತಿನಲ್ಲಿ ರಕ್ತ ಹರಿಸಿದವನೆಂದು ತೋರಿಸಿದರು, ಇದು ನಮಗೆ ಬೇಕಿತ್ತೇ ಎಂದು ಕೇಳುವವರಿದ್ದಾರೆ. ನಾಟಕದಲ್ಲಿ ಅಮೀರರು ನಮಾಜಿನ ಗಳಿಗೆಯಲ್ಲಿ ಸುಲ್ತಾನನನ್ನು ಕೊಲ್ಲಲು ಸಂಚು ಮಾಡುತ್ತಾರೆ. ಸುಲ್ತಾನ ಸಂಚನ್ನು ಮುರಿದು, ಶಿಹಾಬುದ್ದೀನನನ್ನು ತನ್ನ ಕೈಯಾರೆ ಇರಿದು, ರಾಜ್ಯದಲ್ಲಿ ನಮಾಜನ್ನೇ ನಿಲ್ಲಿಸುತ್ತಾನೆ. ನೋಡಲು ಕಷ್ಟವಾಗುತ್ತದೆ, ಆಗಲೇಬೇಕು. ಆದರೆ ಇದಕ್ಕೆ ಉತ್ತರವಾಗಿ ನಮ್ಮವರು ಕೇಳುವುದು ಏನನ್ನು? ದಾನಧರ್ಮ ಮಾಡುವ, ಎಲ್ಲರನ್ನೂ ಸಮನಾಗಿ ಕಾಣುವ, ಕೊನೆಯ ದೃಶ್ಯದಲ್ಲಿ ನಗುತ್ತಾ ಕೈ ಎತ್ತುವ ಒಬ್ಬ ಸುಲ್ತಾನನನ್ನು. ಅಂಥವನು ಸಿನಿಮಾದಲ್ಲಿ ಈಗಾಗಲೇ ಇದ್ದಾನೆ. ನಾಯಕನ ಪ್ರಾಣ ಉಳಿಸಿ ಮಧ್ಯಂತರದ ಹೊತ್ತಿಗೆ ಸಾಯುವ ರಹೀಂ ಚಾಚಾ ಅವನ ಹೆಸರು. ಒಂದು ಕಡೆ ಗಡ್ಡ ನೀವುವ ಖಳ, ಇನ್ನೊಂದು ಕಡೆ ಬೀಡಿ ಸೇದುವ ಒಳ್ಳೆಯ ಚಾಚಾ. ಇಬ್ಬರಿಗೂ ಒಳಗಿಲ್ಲ, ಇಬ್ಬರಿಗೂ ರಾತ್ರಿ ನಿದ್ದೆ ಕೆಡುವುದಿಲ್ಲ. ನಿದ್ದೆ ಕೆಟ್ಟ, ತಪ್ಪು ಮಾಡಿದ, ತಪ್ಪು ಕಂಡ ಮುಸಲ್ಮಾನನೊಬ್ಬನನ್ನು ಕನ್ನಡ ರಂಗಭೂಮಿಯ ನಡುಮಧ್ಯ ನಿಲ್ಲಿಸಿದವರನ್ನು ನಾವು ಅನುಮಾನದಿಂದ ನೋಡುವುದೆಂದರೆ ನಾಚಿಕೆಯ ಸಂಗತಿ. ಸುಲ್ತಾನನ ಪರ ವಕೀಲಿಕೆ ಬೇಕಾದವರು 1938ರಲ್ಲೇ ಮಹದಿ ಹುಸೇನ್ ಬರೆದ ಗ್ರಂಥ ಓದಲಿ, ದಿಲ್ಲಿ ಪೂರ್ತಿ ಬರಿದಾಯಿತೆಂಬ ಕಥೆಗಳನ್ನು ಅಲ್ಲಿ ತಾಳ್ಮೆಯಿಂದ ಪರೀಕ್ಷಿಸಲಾಗಿದೆ. ನಾಟಕದಿಂದ ಕೇಳಬೇಕಾದ್ದು ಅದಲ್ಲ.

ಹುಚ್ಚು ಎಂಬ ಪದದ ಬಗ್ಗೆಯೂ ಒಂದು ಮಾತು. ಉರ್ದುವಿನಲ್ಲಿ ದೀವಾನಾ ಬೇರೆ, ಪಾಗಲ್ ಬೇರೆ, ಮಜ್ಜೂಬ್ ಬೇರೆ. ಮಂಟೋ 'ಟೋಬಾ ಟೇಕ್ ಸಿಂಗ್' ಬರೆದಾಗ ಹುಚ್ಚಾಸ್ಪತ್ರೆಯ ಒಳಗಿದ್ದವರಿಗಿಂತ ಹೊರಗೆ ದೇಶ ಹಂಚಿದವರೇ ಎಂಥವರೆಂದು ಕೇಳಿದ. ಕನ್ನಡದಲ್ಲೂ ಮರುಳು ಎಂಬ ಮಾತಿಗೆ ಶರಣರು ಕೊಟ್ಟ ಘನತೆ ಇದೆ. ಇನ್ನು ತೋಟದ ಲೈನುಗಳಲ್ಲಿ, ನಮ್ಮ ಕೇರಿಗಳಲ್ಲಿ ನಿಜವಾಗಿ ಬುದ್ಧಿಸ್ಥಿಮಿತ ತಪ್ಪಿದವರಿದ್ದಾರೆ. ತಾಯಿತ ಕಟ್ಟಿಸಿ ದರ್ಗಾದಿಂದ ದರ್ಗಾಕ್ಕೆ ಅಲೆಸುವ ಬದಲು ಅವರನ್ನು ಒಬ್ಬ ಒಳ್ಳೆಯ ವೈದ್ಯರ ಹತ್ತಿರ, ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ಯಬೇಕು. ಅವರು ಯಾರ ರಾಜಧಾನಿಯನ್ನೂ ಸ್ಥಳಾಂತರಿಸಿಲ್ಲ, ಯಾರ ಅನ್ನಕ್ಕ‌ೂ ಕೈ ಹಾಕಿಲ್ಲ. ಅಧಿಕಾರದ ಅನ್ಯಾಯಕ್ಕೆ ಅವರ ಕಾಯಿಲೆಯ ಹೆಸರಿಡುವುದು ಅವರಿಗೂ ಅನ್ಯಾಯ.

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದಾಗ ದೇಶದ ತುಂಬ ಮತ್ತೆ ತುಘಲಕನ ಹೆಸರು ಕೇಳಿಸಿತು. ವಿರೋಧ ಪಕ್ಷದವರು ಹೇಳಿದರು, ಪತ್ರಿಕೆಗಳು ಬರೆದವು, ನಮ್ಮವರೂ ಖುಷಿಯಿಂದ ಹಂಚಿಕೊಂಡರು. ಕಾಫಿ ತೋಟಗಳಲ್ಲಿ ಕೊಯ್ಲು ಶುರುವಾಗುವ ಹೊತ್ತು ಅದು. ವಾರದ ಬಟವಾಡೆ ನಗದಿನಲ್ಲೇ ನಡೆಯುವ ಕಾಲ. ಕೂಲಿಯವರು ಒಂದು ದಿನದ ಕೆಲಸ ಬಿಟ್ಟು ಬ್ಯಾಂಕಿನ ಮುಂದೆ ನಿಂತರು. ಆಗ ಕೇಳಬೇಕಾಗಿದ್ದ ಪ್ರಶ್ನೆಗಳು ಸರಳವಾಗಿದ್ದವು. ಯಾರು ತೀರ್ಮಾನಿಸಿದರು, ಯಾರನ್ನು ಕೇಳಿ, ಯಾವ ಲೆಕ್ಕದ ಮೇಲೆ, ಲಾಭ ಯಾರಿಗೆ, ನಿಂತು ಸುಸ್ತಾದವರ ದಿನಗೂಲಿ ಕೊಡುವವರು ಯಾರು? 'ತುಘಲಕ್' ಎಂದು ನಕ್ಕ ಮೇಲೆ ಈ ಪ್ರಶ್ನೆಗಳಿಗೆ ಜಾಗವೇ ಇರಲಿಲ್ಲ. ಎರಡರ ನಡುವಿನ ವ್ಯತ್ಯಾಸವನ್ನಾದರೂ ನಗುವವರು ನೋಡಬಹುದಿತ್ತು. ಆ ಸುಲ್ತಾನ ಸೋತದ್ದನ್ನು ಒಪ್ಪಿ ಯೋಜನೆಯನ್ನು ಹಿಂದಕ್ಕೆ ಪಡೆದ, ತನ್ನ ಖಜಾನೆಯಿಂದ ನಷ್ಟ ತುಂಬಿದ.

ಹಾಗೆಂದು ಅವನಿಗೆ ಬಿಡುಗಡೆ ಇಲ್ಲ. ತನ್ನನ್ನು ತಾನು ಕಂಡದ್ದು ದೊಡ್ಡ ಸಂಗತಿ, ಆದರೆ ಅದು ತೌಬಾ ಅಲ್ಲ. ಉಲಮಾಗಳು ಹೇಳುವ ಪ್ರಕಾರ ತೌಬಾಕ್ಕೆ ಪಶ್ಚಾತ್ತಾಪ ಬೇಕು, ಆ ಕೆಲಸ ಬಿಡಬೇಕು, ಮತ್ತೆ ಮಾಡೆನೆಂಬ ನಿರ್ಧಾರ ಬೇಕು. ಇನ್ನೊಬ್ಬರ ಹಕ್ಕು ಕಸಿದಿದ್ದರೆ ಅದನ್ನು ಅವರಿಗೆ ಮರಳಿಸಬೇಕು ಅಥವಾ ಅವರಿಂದಲೇ ಕ್ಷಮೆ ಪಡೆಯಬೇಕು, ದೇವರು ಅದನ್ನು ತನ್ನ ಲೆಕ್ಕದಿಂದ ಬಿಟ್ಟುಕೊಡುವುದಿಲ್ಲ. ನಾಟಕದ ಸುಲ್ತಾನನಿಗೆ ಪಶ್ಚಾತ್ತಾಪ ಇದೆ, ಉಳಿದ ಮೂರೂ ಇಲ್ಲ. ನಾಟಕ ಮುಗಿಯುವುದು 1332ರಲ್ಲಿ. ಎಚ್ಚರಗೊಂಡ ಆ ಮನುಷ್ಯ ಚರಿತ್ರೆಯಲ್ಲಿ ಇನ್ನೂ 19 ವರ್ಷ ಆಳಿದ. ತಾನು ಯಾರೆಂದು ತಿಳಿದವನು ಸಿಂಹಾಸನದಲ್ಲಿ ಕೂತೇ ಇದ್ದ. ಯೋಚಿಸಿದರೆ ಗ್ರೀಕರ ಯಾವ ನಾಟಕಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಇದೇ.

ಅವನ ಜೊತೆಗಿದ್ದವರ ವಿಷಯ? ಬರನಿ ಹದಿನೇಳು ವರ್ಷ ಆ ಆಸ್ಥಾನದಲ್ಲಿ ಸುಲ್ತಾನನ ಒಡನಾಡಿಯಾಗಿದ್ದವನು. ಮುಪ್ಪಿನಲ್ಲಿ, ಬಡತನದಲ್ಲಿ, 1357ರ ಹೊತ್ತಿಗೆ ತನ್ನ ಇತಿಹಾಸ ಮುಗಿಸಿದ. ಅದರಲ್ಲಿ ಸುಲ್ತಾನನನ್ನು ವಿರೋಧಗಳ ಗಂಟು, ಸೃಷ್ಟಿಯ ಸೋಜಿಗ ಎಂಬಂತೆ ಬಣ್ಣಿಸುತ್ತಾನೆ. ಜೊತೆಗೆ, ನಾಲ್ಕಕ್ಷರ ಬಲ್ಲ ತನ್ನಂಥವರು ಪ್ರಾಣಭಯಕ್ಕೂ ಹಣದ ಆಸೆಗೂ ಸಿಕ್ಕಿ ಸುಲ್ತಾನನ ಮುಂದೆ ಸತ್ಯ ಹೇಳಲಿಲ್ಲ ಎಂದು ತನ್ನನ್ನೇ ನಿಂದಿಸಿಕೊಳ್ಳುತ್ತಾನೆ. ಇವತ್ತಿನ ಆಸ್ಥಾನಗಳಲ್ಲಿ ಬರೆಯುವ ಕೈಗಳು ಬೇಕಾದಷ್ಟಿವೆ. ಇಂಥ ಒಂದು ಪುಟಕ್ಕಾಗಿ ನಾವು ಕಾಯುತ್ತಿದ್ದೇವೆ.

1351ರ ಮಾರ್ಚಿನಲ್ಲಿ, ಸಿಂಧಿನ ಥಟ್ಟಾದ ಹತ್ತಿರ ಜ್ವರ ಬಂದು ಸುಲ್ತಾನ ಸತ್ತ. ಪಟ್ಟಕ್ಕೆ ಬಂದ ಅವನ ಚಿಕ್ಕಪ್ಪನ ಮಗ ಫಿರೋಜ್ ಷಾ ಒಂದು ಕೆಲಸ ಮಾಡಿದ. ಅದನ್ನು ತನ್ನ 'ಫುತೂಹಾತ್' ಎಂಬ ಬರಹದಲ್ಲಿ ದಾಖಲಿಸಿದ್ದಾನೆ. ಹಿಂದಿನ ಸುಲ್ತಾನನ ಆಳ್ವಿಕೆಯಲ್ಲಿ ಕೊಲೆಯಾದವರ ವಾರಸುದಾರರನ್ನು, ಕೈ ಕಾಲು ಕಣ್ಣು ಮೂಗು ಕಳೆದುಕೊಂಡವರನ್ನು ಹುಡುಕಿಸಿದ. ಅವರಿಗೆ ಪರಿಹಾರ ಕೊಟ್ಟ. ಸತ್ತವನನ್ನು ಕ್ಷಮಿಸಿದ್ದೇವೆ ಎಂದು ಅವರಿಂದ ಸಾಕ್ಷಿಗಳ ಸಹಿತ ಪತ್ರ ಬರೆಸಿಕೊಂಡ. ಮಹಮ್ಮದ್ ಬಿನ್ ತುಘಲಕ್ ಹುಚ್ಚನೆಂದು ಆ ಕಾಲದವರು ನಂಬಿದ್ದರೆ ಈ ಪತ್ರಗಳ ಅಗತ್ಯವೇ ಇರಲಿಲ್ಲ, ಹುಚ್ಚನ ಲೆಕ್ಕ ಬರೆಯುವ ಲೇಖನಿ ಮೊದಲೇ ಎತ್ತಿ ಆಗಿರುತ್ತಿತ್ತು. ಪತ್ರಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿಟ್ಟು ಸುಲ್ತಾನನ ಗೋರಿಯ ತಲೆಯ ಕಡೆ ಇರಿಸಿದರು.